ಹೋಯಿತೋ ಇಲ್ಲವೋ ಗೊತ್ತಾಗಬೇಕು

ಗ್ರಾಮಸಭೆ ಮುಗಿದು ಎರಡು ತಿಂಗಳಾಗಿತ್ತು. ಹುಣಸಗಿ ಬಸ್ ಸ್ಟ್ಯಾಂಡಿನ ಹತ್ತಿರ ಚಹಾ ಕುಡಿಯುತ್ತ ನಿಂತಿದ್ದ ನಮ್ಮ ಗೆಳೆಯನನ್ನು ಒಬ್ಬ ಅಜ್ಜಿ ಗುರುತು ಹಿಡಿದರು.

“ಯಪ್ಪಾ, ಅವತ್ತ ನೀ ಫೋನ್ ಹಿಡಕೊಂಡು ನಿಂತಿದ್ದೆಲ್ಲ. ಮನಿ ಲಿಸ್ಟಿನ್ಯಾಗ ನನ್ನ ಹೆಸರು ಓದಿದ್ದು ಅದರಾಗ ಬಂದಿರ್ತದಲ್ಲ? ಜರಾ ಅವರಿಗೆ ತೋರಸು.”

ಸಭೆಯಲ್ಲಿ ಮನೆಗೆ ಆಯ್ಕೆಯಾದವರ ಹೆಸರು ಓದಿದ್ದರು. ತಮ್ಮ ಹೆಸರನ್ನು ಕಿವಿಯಾರೆ ಕೇಳಿದ್ದೇನೆ ಎಂದು ಅಜ್ಜಿ ಹೇಳುತ್ತಾರೆ. ಆಮೇಲೆ ಗೋಡೆಗೆ ಹಚ್ಚಿದ ಪಟ್ಟಿಯಲ್ಲಿ ಆ ಹೆಸರು ಇಲ್ಲ. ಅಂದಿನ ಸಭೆಯನ್ನು ಮೊದಲಿಂದ ಕೊನೆತನಕ ವಿಡಿಯೊ ಮಾಡಿದವರು ನಾವು ಮಾತ್ರ. “ಆಯ್ತು ಅಜ್ಜಿ, ನಾಳೆ ತರ್ತೀವಿ” ಎಂದು ನಮ್ಮವನು ಮಾತು ಕೊಟ್ಟು ಬಂದ.

ವಿಡಿಯೊ ಮಾಡಿದ ಫೋನು ಅಷ್ಟರಲ್ಲಿ ಕಾಲುವೆ ನೀರಿಗೆ ಬಿದ್ದು ಸತ್ತಿತ್ತು. ಆದರೂ ನಮಗೆ ಚಿಂತೆ ಇರಲಿಲ್ಲ. ಬ್ಯಾಕಪ್ ಆನ್ ಇತ್ತಲ್ಲ! ಬೇರೆ ಫೋನಿನಲ್ಲಿ ಅದೇ ಖಾತೆ ತೆರೆದು ನೋಡಿದೆವು. ಮಾಡಿದ್ದು 9 ತುಣುಕು. ಅಲ್ಲಿದ್ದದ್ದು 4. ಹೆಸರು ಓದಿದ ಭಾಗ ಆರನೇ ತುಣುಕಿನಲ್ಲಿತ್ತು.

ಯಾಕೆ ಹೀಗಾಯಿತು ಎಂದು ಹುಡುಕಿದಾಗ ಕಾರಣ ಸಿಕ್ಕಿತು. ಆ್ಯಪಿನ ಸೆಟ್ಟಿಂಗ್‌ನಲ್ಲಿ ‘ವೈಫೈ ಇದ್ದಾಗ ಮಾತ್ರ’ ಎಂದಿತ್ತು. ನಮ್ಮ ಹಳ್ಳಿಗಳಲ್ಲಿ ಎಷ್ಟು ಮನೆಯಲ್ಲಿ ವೈಫೈ ಇದೆ? ಗೆಳೆಯ ಒಮ್ಮೆ ಕಲಬುರಗಿಯ ಸಂಬಂಧಿಕರ ಮನೆಯಲ್ಲಿ ಅರ್ಧ ತಾಸು ಕೂತಾಗ 4 ಹೋಗಿದ್ದವು. ಅವನು ಎದ್ದು ಬಂದ, ಉಳಿದ 5 ಫೋನಿನಲ್ಲೇ ಉಳಿದವು. ‘ಬ್ಯಾಕಪ್ ಪೂರ್ಣ’ ಎಂದು ನಾವು ನೋಡಿ ನಿಶ್ಚಿಂತರಾಗಿದ್ದು ಗ್ರಾಮಸಭೆಗಿಂತ ಹಿಂದಿನ ದಿನ.

ಪಟ್ಟಿಯ ವಿಷಯದಲ್ಲಿ ತಪ್ಪು ಯಾರದು ಎಂದು ನಾವು ಇಲ್ಲಿ ಹೇಳುತ್ತಿಲ್ಲ. ಅಜ್ಜಿಯ ಕಿವಿ ತಪ್ಪಿರಬಹುದು, ಬರೆದವರ ಕೈ ತಪ್ಪಿರಬಹುದು. ಅದನ್ನು ತೀರ್ಮಾನಿಸಬಲ್ಲ ಒಂದೇ ಸಾಕ್ಷಿ ನಮ್ಮ ಹತ್ತಿರ ಇತ್ತು. ಅದನ್ನು ಕಳೆದವರು ನಾವು. ಇಡೀ ಲೇಖನ ಈ ತಪ್ಪಿನಿಂದ ಹುಟ್ಟಿದ್ದು.

ಹಸಿರು ಗುರುತಿನ ಮೇಲೆ ನಂಬಿಕೆ ಸಾಕು

ಫೋನಿನ ಬ್ಯಾಕಪ್ ಆ್ಯಪುಗಳು ಕೆಟ್ಟವು ಎಂದು ನಾವು ಹೇಳುವುದಿಲ್ಲ. ಮದುವೆ ಫೋಟೊ, ಮಕ್ಕಳ ವಿಡಿಯೊಗೆ ಅವು ಸಾಕು. ಆದರೆ ಅವು ಯಾವಾಗಲೂ ನೆಟ್‌ವರ್ಕ್ ಇರುವ, ಮನೆಯಲ್ಲಿ ವೈಫೈ ಇರುವ, ಎರಡು ವರ್ಷಕ್ಕೊಮ್ಮೆ ಫೋನ್ ಬದಲಿಸುವ ಜನರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮಾಡಿದವು. ನಮ್ಮ ಸೀಮೆಯಲ್ಲಿ ಒಂದು ಗಿಡದ ಕೆಳಗೆ ನೆಟ್‌ವರ್ಕ್ ಸಿಗುತ್ತದೆ, ಹತ್ತು ಹೆಜ್ಜೆ ಆಚೆ ಹೋದರೆ ಇಲ್ಲ. ಡೇಟಾ ದಿನಕ್ಕೆ ಒಂದೂವರೆ ಜಿಬಿ. ಮೆಮೊರಿ ತುಂಬಿತೆಂದು ವಾರಕ್ಕೊಮ್ಮೆ ಅಳಿಸುವುದು ಬೇರೆ.

ಇಂಥ ಕಡೆ ‘ಕಳಿಸಿದ್ದೇನೆ’ ಎನ್ನುವುದಕ್ಕಿಂತ ‘ಏನು ಹೋಯಿತು, ಏನು ಉಳಿಯಿತು’ ಎಂದು ತಿಳಿಯುವುದು ಮುಖ್ಯ. ಆ್ಯಪ್ ಒಂದು ಹಸಿರು ಗುರುತು ತೋರಿಸಿ ಸುಮ್ಮನಾಗುತ್ತದೆ. ಲೆಕ್ಕ ಕೊಡುವುದಿಲ್ಲ. ಯಾವ ಫೋಲ್ಡರು, ಎಷ್ಟು ಫೈಲು, ಯಾವುದು ಸೋತಿತು ಎಂದು ಕೇಳಿದರೆ ನೂರು ಮೆನು ತಿರುವಿದರೂ ಸಿಗುವುದಿಲ್ಲ.

ತಾಲೂಕು ಕಚೇರಿಗೆ ಅರ್ಜಿ ಕೊಟ್ಟರೆ ನಾವು ಸ್ವೀಕೃತಿ ಕೇಳಿ ತಗೊಳ್ಳುತ್ತೇವೆ. ಕೌಂಟರಿನಲ್ಲಿ ಕೂತವರು “ಆಯ್ತು, ಹೋಗ್ರಿ” ಎಂದರೆ ನಂಬಿ ಬರುವುದಿಲ್ಲ. ಹತ್ತಿ ಗಾಡಿ ಹೊರಡುವ ಮೊದಲು ತೂಕದ ಚೀಟಿ ಮಾಡಿಸುತ್ತೇವೆ, ಮುಟ್ಟಿದ ಮೇಲೆ ಮತ್ತೆ ತೂಗಿಸುತ್ತೇವೆ. ಕಾಗದಕ್ಕೂ ಹತ್ತಿಗೂ ಇಷ್ಟು ಹುಷಾರಿರುವ ನಾವು ಫೋನಿನೊಳಗಿನ ಸಾಕ್ಷಿಗೆ ಮಾತ್ರ ಯಾಕೆ ಚೀಟಿ ಕೇಳುವುದಿಲ್ಲ?

ನಮ್ಮ ಅಭಿಪ್ರಾಯ ಇಷ್ಟು: ಊರಿಗೆ ಸಂಬಂಧಪಟ್ಟ ದಾಖಲೆಯನ್ನು ಫೋನಿನಲ್ಲಿ ಇಟ್ಟುಕೊಂಡವರು ಅದನ್ನು ಕ್ಲೌಡಿಗೆ ಕಳಿಸಲು ಬಟನ್ ನಂಬಿಕೊಂಡು ಕೂಡಬಾರದು. ಬರೆದು ಕೇಳುವುದನ್ನು, ಅಂದರೆ ಕಮಾಂಡ್ ಲೈನ್ ಬಳಸುವುದನ್ನು, ಊರಿಗೆ ಒಬ್ಬರಾದರೂ ಕಲಿಯಬೇಕು. ಯಾಕೆಂದರೆ ಬರೆದು ಕೇಳಿದರೆ ಬರೆದ ಉತ್ತರ ಸಿಗುತ್ತದೆ.

ಕರಿ ಪರದೆಗೆ ಹೆದರಬೇಕಿಲ್ಲ

ಕಮಾಂಡ್ ಲೈನ್ ಎಂದರೆ ಸಿನಿಮಾದಲ್ಲಿ ಹ್ಯಾಕರ್ ಮುಂದೆ ಓಡುವ ಹಸಿರು ಅಕ್ಷರ ನೆನಪಾಗುತ್ತದೆ. ನಿಜವಾಗಿ ಅದು ಚಿತ್ರ ಒತ್ತುವ ಬದಲು ಒಂದು ಸಾಲು ಬರೆದು ಕೆಲಸ ಹೇಳುವ ಪದ್ಧತಿ, ಅಷ್ಟೇ. ‘ಈ ಫೋಲ್ಡರಿನಲ್ಲಿ ಇರುವುದನ್ನು ಅಲ್ಲಿಗೆ ನಕಲು ಮಾಡು’ ಎಂದು ಬರೆಯುತ್ತೀರಿ. ಅದು ಮಾಡುತ್ತದೆ, ಮಾಡಿದ್ದನ್ನು ಹೇಳುತ್ತದೆ, ಸೋತರೆ ಸೋತೆ ಎನ್ನುತ್ತದೆ.

ಇದಕ್ಕೆ ಕಂಪ್ಯೂಟರ್ ಬೇಕು ಎಂದೇನಿಲ್ಲ. ಆ್ಯಂಡ್ರಾಯ್ಡ್ ಫೋನಿನೊಳಗೇ ಕಮಾಂಡ್ ಲೈನ್ ಕೊಡುವ ಟರ್ಮಕ್ಸ್ ಎಂಬ ಉಚಿತ ಆ್ಯಪ್ ಇದೆ. ನಾವು ಅದನ್ನು ಎಫ್-ಡ್ರಾಯ್ಡ್ ಎಂಬ ಉಚಿತ ಆ್ಯಪುಗಳ ಭಂಡಾರದಿಂದ ಹಾಕಿಕೊಂಡೆವು. ಅದರೊಳಗೆ ಆರ್‌ಕ್ಲೋನ್ ಎಂಬ ಸಾಧನ ಹಾಕಿಕೊಳ್ಳಬೇಕು. ಇಂಗ್ಲಿಷಿನ ಆರ್ ಅಕ್ಷರಕ್ಕೆ ಅಂಟಿಸಿ ಕ್ಲೋನ್ ಎಂದು ಬರೆದರೆ ಅದೇ ಹೆಸರು. ನಿಕ್ ಕ್ರೇಗ್-ವುಡ್ ಎಂಬ ಬ್ರಿಟಿಷ್ ಪ್ರೋಗ್ರಾಮರ್ ಶುರು ಮಾಡಿದ್ದು. ಈಗ ಜಗತ್ತಿನ ಅನೇಕರು ಸೇರಿ ಬೆಳೆಸುತ್ತಿದ್ದಾರೆ. ಗೂಗಲ್ ಡ್ರೈವ್, ಒನ್‌ಡ್ರೈವ್, ಡ್ರಾಪ್‌ಬಾಕ್ಸ್ ಸೇರಿ 70ಕ್ಕೂ ಹೆಚ್ಚು ಕಡೆಗೆ ಇದೊಂದೇ ಸಾಧನದಿಂದ ಫೈಲ್ ಕಳಿಸಬಹುದು. ಹಣ ಕೇಳುವುದಿಲ್ಲ, ಜಾಹೀರಾತು ತೋರಿಸುವುದಿಲ್ಲ.

ಮೊದಲ ಸಲ ‘ಕಾನ್ಫಿಗ್’ ಎಂದು ಬರೆದು ನಿಮ್ಮ ಖಾತೆಯನ್ನು ಜೋಡಿಸಬೇಕು. ಬ್ರೌಸರ್ ತೆರೆದುಕೊಂಡು ಎಂದಿನಂತೆ ಲಾಗಿನ್ ಕೇಳುತ್ತದೆ. ನಮಗೆ ಆ ದಿನ ಎರಡು ತಾಸು ಹಿಡಿಯಿತು, ಒಂದು ಸಲ ಜಗಳವೂ ಆಯಿತು. ಅದಾದ ಮೇಲೆ ದಿನದ ಕೆಲಸಕ್ಕೆ ಬೇಕಾದ ಪದ ಮೂರು: ಡ್ರೈ-ರನ್, ಕಾಪಿ, ಚೆಕ್.

ಡ್ರೈ-ರನ್ ಎಂದರೆ ಒಣ ತಾಲೀಮು. ಬಯಲಾಟಕ್ಕೆ ಮೊದಲು ತಾಲೀಮು ಮಾಡುವ ಹಾಗೆ, ಏನೂ ಕಳಿಸದೆ ‘ಇಂತಿಂಥವು ಹೋಗಲಿವೆ’ ಎಂದು ಪಟ್ಟಿ ಕೊಡುತ್ತದೆ. ಪಟ್ಟಿಯಲ್ಲಿ 9 ಇರಬೇಕಾದ ಕಡೆ 4 ಕಂಡರೆ ಅಲ್ಲೇ ತಡೆದು ನೋಡಬಹುದು.

ಕಾಪಿ ಎಂದರೆ ನಕಲು. ಇಲ್ಲಿಯದು ಇಲ್ಲೇ ಇರುತ್ತದೆ, ಅಲ್ಲೊಂದು ಪ್ರತಿ ಆಗುತ್ತದೆ. ನೆಟ್‌ವರ್ಕ್ ಹೋದರೆ ಮತ್ತೆ ಪ್ರಯತ್ನಿಸುತ್ತದೆ. ನಾಳೆ ಅದೇ ಸಾಲು ಮತ್ತೆ ಕೊಟ್ಟರೆ ಹೋದವನ್ನು ಬಿಟ್ಟು ಉಳಿದವನ್ನಷ್ಟೇ ಕಳಿಸುತ್ತದೆ. ಒಂದು ಮಾತು ನೆನಪಿಡಿ: ನಡುವೆ ಕಡಿದು ನಿಂತ ದೊಡ್ಡ ಫೈಲ್ ಮರುದಿನ ಸಾಮಾನ್ಯವಾಗಿ ಮೊದಲಿಂದ ಹೋಗುತ್ತದೆ. ಅದಕ್ಕೇ ಒಂದು ತಾಸಿನ ಒಂದೇ ವಿಡಿಯೊ ಮಾಡುವ ಬದಲು ಸಣ್ಣ ಸಣ್ಣ ತುಣುಕು ಮಾಡುವುದು ಒಳ್ಳೆಯದು.

ಡೇಟಾಕ್ಕೂ ಉಪಾಯ ಇದೆ. ‘ಮ್ಯಾಕ್ಸ್-ಟ್ರಾನ್ಸ್‌ಫರ್’ ಎಂದು ಸೇರಿಸಿ ಇಷ್ಟು ಎಂಬಿ ಆದ ಮೇಲೆ ನಿಲ್ಲು ಎಂದು ಹೇಳಬಹುದು. ದಿನದ ಪ್ಯಾಕಿನಲ್ಲಿ ಉಳಿದದ್ದು ರಾತ್ರಿ 12ಕ್ಕೆ ಸುಮ್ಮನೆ ಹೋಗುತ್ತದಲ್ಲ, ಅದನ್ನು ನಾವು ಊಟ ಆದ ಮೇಲೆ ಇದಕ್ಕೆ ಬಳಸುತ್ತೇವೆ. ಫೋನ್ ನಿದ್ದೆಗೆ ಜಾರಿ ಕೆಲಸ ನಿಲ್ಲದಂತೆ ಟರ್ಮಕ್ಸ್‌ನಲ್ಲಿ ‘ವೇಕ್-ಲಾಕ್’ ಹಾಕಿ, ಚಾರ್ಜಿಗೆ ಹಚ್ಚಿ, ನೆಟ್‌ವರ್ಕ್ ಸಿಗುವ ಕಿಟಕಿಯಲ್ಲಿ ಇಟ್ಟು ಮಲಗುತ್ತೇವೆ.

ಇನ್ನೊಂದು ಲೆಕ್ಕ. ಫುಲ್ ಎಚ್‌ಡಿ ವಿಡಿಯೊ ನಿಮಿಷಕ್ಕೆ 100 ಎಂಬಿ ಮೀರುತ್ತದೆ. ಗೂಗಲ್ ಉಚಿತವಾಗಿ ಕೊಡುವ 15 ಜಿಬಿ ಎರಡು ತಾಸಿನಲ್ಲೇ ತುಂಬಿ ಹೋಗುತ್ತದೆ. ಅದೇ 15 ಜಿಬಿಯಲ್ಲಿ ನಿಮ್ಮ ಇಮೇಲೂ ಫೋಟೊಗಳೂ ಪಾಲು ಕೇಳುತ್ತವೆ. ಬರೀ ಧ್ವನಿಯಾದರೆ ಒಂದು ತಾಸಿಗೆ ಸುಮಾರು 60 ಎಂಬಿ. ಮೂರು ತಾಸಿನ ಗ್ರಾಮಸಭೆಯ ಧ್ವನಿ 180 ಎಂಬಿಯಲ್ಲಿ ಮುಗಿಯುತ್ತದೆ, ಒಂದೇ ರಾತ್ರಿಯಲ್ಲಿ ಹೋಗುತ್ತದೆ. ಈಗ ನಾವು ವಿಡಿಯೊ ಮಾಡುವಾಗ ಪಕ್ಕದಲ್ಲಿ ಇನ್ನೊಂದು ಹಳೆಯ ಫೋನಿನಲ್ಲಿ ಧ್ವನಿಯನ್ನೂ ಮುದ್ರಿಸುತ್ತೇವೆ. ಅಜ್ಜಿಯ ಹೆಸರಿಗೆ ವಿಡಿಯೊ ಬೇಕಿರಲಿಲ್ಲ, ಧ್ವನಿ ಸಾಕಿತ್ತು.

ತೂಕದ ಚೀಟಿ

ಮೂರನೇ ಪದ ಚೆಕ್. ನಮಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ.

ಪ್ರತಿ ಫೈಲಿನ ಒಳಗಿರುವುದನ್ನೆಲ್ಲ ಲೆಕ್ಕ ಹಾಕಿ ಒಂದು ಗುರುತು ತೆಗೆಯಬಹುದು. ಅದಕ್ಕೆ ಹ್ಯಾಶ್ ಎನ್ನುತ್ತಾರೆ. ಎಂಡಿ5 ಎಂಬ ವಿಧಾನದಲ್ಲಿ ಅದು 32 ಅಕ್ಷರ ಮತ್ತು ಅಂಕಿಗಳ ಸಾಲು. ಹೆಬ್ಬೆಟ್ಟಿನ ಗುರುತಿದ್ದ ಹಾಗೆ. ಫೈಲಿನಲ್ಲಿ ಒಂದು ಚುಕ್ಕೆ ಬದಲಾದರೂ ಗುರುತು ಪೂರ್ತಿ ಬೇರೆಯಾಗುತ್ತದೆ. ಚೆಕ್ ಎಂದರೆ ಆರ್‌ಕ್ಲೋನ್ ಇಲ್ಲಿಯ ಗುರುತನ್ನೂ ಅಲ್ಲಿಯ ಗುರುತನ್ನೂ ಹೋಲಿಸುತ್ತದೆ. ಎಷ್ಟು ಹೊಂದಿದವು, ಎಷ್ಟು ಹೊಂದಲಿಲ್ಲ, ಎಷ್ಟು ಅಲ್ಲಿ ಇಲ್ಲವೇ ಇಲ್ಲ ಎಂದು ಎಣಿಸಿ ಹೇಳುತ್ತದೆ. ಹತ್ತಿ ಗಾಡಿಯನ್ನು ಎರಡೂ ಕಡೆ ತೂಗಿದ ಹಾಗೆ.

ಗಾಡಿ ತೂಕದಲ್ಲಿ ಒಂದು ಚೀಲ ಕಡಿಮೆ ಬಂದರೆ ಜಗಳ ಮಾಡಬಹುದು. ಫೈಲು ಕಡಿಮೆ ಬಂದರೆ ಜಗಳ ಬೇಕಿಲ್ಲ, ಅದೇ ರಾತ್ರಿ ಮತ್ತೆ ಕಳಿಸಬಹುದು. ಆದರೆ ಕಡಿಮೆ ಬಂದಿದೆ ಎಂದು ಗೊತ್ತಾಗಬೇಕಲ್ಲ.

ಈ ಹೆಬ್ಬೆಟ್ಟಿನ ಗುರುತಿಗೆ ಈಗ ಕಾನೂನಿನಲ್ಲೂ ಜಾಗ ಸಿಕ್ಕಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಕಲಮು ಡಿಜಿಟಲ್ ದಾಖಲೆಗಳ ಬಗ್ಗೆ ಹೇಳುತ್ತದೆ. ಅಂಥ ದಾಖಲೆಯ ಜೊತೆ ನ್ಯಾಯಾಲಯಕ್ಕೆ ಕೊಡಬೇಕಾದ ಪ್ರಮಾಣಪತ್ರದ ನಮೂನೆಯಲ್ಲಿ ಹ್ಯಾಶ್ ಬರೆಯಲು ಜಾಗ ಇದೆ. ಹ್ಯಾಶ್ ಹೊಂದಿದ ಮಾತ್ರಕ್ಕೆ ವಿಡಿಯೊದಲ್ಲಿ ಹೇಳಿದ್ದೆಲ್ಲ ಸತ್ಯ ಎಂದಾಗುವುದಿಲ್ಲ. ಗುರುತು ತೆಗೆದ ದಿನದಿಂದ ಈ ಫೈಲನ್ನು ಯಾರೂ ತಿದ್ದಿಲ್ಲ ಎಂಬುದಷ್ಟೇ ಅದರ ಅರ್ಥ. ಹಳ್ಳಿಯ ಸಾಮಾನ್ಯ ಮನುಷ್ಯನ ಸಾಕ್ಷಿಗೆ ಅದೂ ದೊಡ್ಡ ಬಲ.

‘ವಾಟ್ಸಾಪ್‌ನಲ್ಲಿ ಗ್ರೂಪಿಗೆ ಹಾಕಿದ್ದೇವಲ್ಲ, ಸಾಕಲ್ಲ’ ಎನ್ನುವವರು ಇದನ್ನು ಯೋಚಿಸಬೇಕು. ಅಲ್ಲಿ ಸಾಮಾನ್ಯ ರೀತಿಯಲ್ಲಿ ಕಳಿಸಿದ ಫೋಟೊ ವಿಡಿಯೊ ಸಣ್ಣದಾಗಿ ಹಿಂಡಿ ಹೋಗುತ್ತದೆ. ಕಣ್ಣಿಗೆ ಒಂದೇ ಕಂಡರೂ ಗುರುತು ಬೇರೆ. ಆರು ತಿಂಗಳ ಮೇಲೆ ಆ ಮೆಸೇಜ್ ಒತ್ತಿದರೆ ‘ಕಳಿಸಿದವರಿಗೆ ಮತ್ತೆ ಕಳಿಸಲು ಹೇಳಿ’ ಎನ್ನುತ್ತದೆ. ಕಳಿಸಿದವರ ಫೋನು ಕಾಲುವೆಯಲ್ಲಿ ಬಿದ್ದಿದ್ದರೆ ಯಾರಿಗೆ ಹೇಳುವುದು?

ಹುಷಾರಾಗಿ ಇರಬೇಕಾದ ಜಾಗಗಳು

ಬರೆದು ಹೇಳುವ ಪದ್ಧತಿಯಲ್ಲಿ ಅಪಾಯವೂ ಇದೆ, ಮುಚ್ಚಿಡುವುದಿಲ್ಲ. ಅದು ಹೇಳಿದ್ದನ್ನು ಮಾಡುತ್ತದೆ. ನೀವು ಮನಸ್ಸಿನಲ್ಲಿ ಅಂದುಕೊಂಡದ್ದನ್ನು ಮಾಡುವುದಿಲ್ಲ.

ಸಿಂಕ್ ಎಂಬ ಪದ ಇದೆ. ಬಹಳ ಜನ ಅದನ್ನು ಕಾಪಿಯ ಅಣ್ಣ ಎಂದುಕೊಳ್ಳುತ್ತಾರೆ. ಸಿಂಕ್ ಎಂದರೆ ‘ಇಲ್ಲಿ ಹೇಗಿದೆಯೋ ಅಲ್ಲಿಯೂ ಹಾಗೇ ಮಾಡು’ ಎಂದು. ಮೆಮೊರಿ ತುಂಬಿತೆಂದು ಫೋನಿನಿಂದ ಹಳೆಯ ವಿಡಿಯೊ ಅಳಿಸಿ ಸಿಂಕ್ ಕೊಟ್ಟರೆ ಕ್ಲೌಡಿನಿಂದಲೂ ಅಳಿಸುತ್ತದೆ. ಗೂಗಲ್ ಡ್ರೈವಿನಲ್ಲಾದರೆ ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ, ಆಮೇಲೆ ಅದೂ ಇಲ್ಲ. ದಾಖಲೆ ಉಳಿಸುವವರಿಗೆ ಕಾಪಿ ಸಾಕು, ಸಿಂಕ್ ಬೇಡ.

ಎರಡನೆಯದು ಬೀಗದ ಕೈ. ನೀವು ಜೋಡಿಸಿದ ಖಾತೆಯ ಪ್ರವೇಶ ಆರ್‌ಕ್ಲೋನಿನ ಒಂದು ಫೈಲಿನಲ್ಲಿ ಇರುತ್ತದೆ. ಆ ಫೈಲು ಬೇರೆಯವರ ಕೈ ಸೇರಿದರೆ ಮನೆ ಬಾಗಿಲು ತೆರೆದ ಹಾಗೆ. ಅದಕ್ಕೆ ಪಾಸ್‌ವರ್ಡ್ ಹಾಕಲು ಅವಕಾಶ ಇದೆ, ಹಾಕಿ. ಕಂಪ್ಯೂಟರ್ ಸೆಂಟರಿನಲ್ಲಿ, ಅಂಗಡಿಯಲ್ಲಿ ಕೂತು ಈ ಕೆಲಸ ಮಾಡಬೇಡಿ.

ಮೂರನೆಯದು ಜನರ ವಿಶ್ವಾಸ. ನಮ್ಮ ಫೋನಿನಲ್ಲಿ ಆಧಾರ್ ಇದೆ, ಪಹಣಿ ಇದೆ, ಯಾರೋ ಅತ್ತು ಹೇಳಿಕೊಂಡ ಮಾತು ಇದೆ. ಅವೆಲ್ಲ ನಮ್ಮವಲ್ಲ. ಅವನ್ನು ಊರಾಚೆಯ ಕಂಪ್ಯೂಟರಿನಲ್ಲಿ ಇಡುವ ಮೊದಲು ಅವರನ್ನು ಕೇಳಬೇಕು. ‘ಕ್ರಿಪ್ಟ್’ ಎಂಬ ಸೌಲಭ್ಯ ಬಳಸಿದರೆ ಫೈಲುಗಳು ಹೊರಡುವ ಮೊದಲೇ ಬೀಗ ಹಾಕಿಕೊಂಡು ಹೋಗುತ್ತವೆ, ಜಾಗ ಕೊಟ್ಟ ಕಂಪನಿಗೂ ಓದಲು ಬರುವುದಿಲ್ಲ. ಆದರೆ ಆ ಪಾಸ್‌ವರ್ಡ್ ಮರೆತರೆ ನಿಮಗೂ ಬರುವುದಿಲ್ಲ. ನಮ್ಮಲ್ಲಿ ಅದನ್ನು ಹಾಳೆಯಲ್ಲಿ ಬರೆದು ಇಬ್ಬರ ಮನೆಯ ಟ್ರಂಕಿನಲ್ಲಿ ಇಟ್ಟಿದ್ದೇವೆ.

ಮೋಡವೂ ಕರಗುತ್ತದೆ

ಇಷ್ಟು ಮಾಡಿದರೆ ಮುಗಿಯಿತೇ? ಇಲ್ಲ. ಕ್ಲೌಡ್ ಎಂಬ ಹೆಸರು ಕೇಳಿ ನಾವು ಮೇಲೆ ನೋಡುತ್ತೇವೆ. ಮೇಲೆ ಏನೂ ಇಲ್ಲ. ಅದು ಯಾವುದೋ ಊರಿನ ಕಟ್ಟಡದಲ್ಲಿ ಸಾಲಾಗಿ ಇಟ್ಟಿರುವ ಬೇರೆಯವರ ಕಂಪ್ಯೂಟರು. ಕಟ್ಟಡಕ್ಕೆ ಬೆಂಕಿ ಬೀಳುತ್ತದೆ, ಕಂಪನಿಯ ಮನಸ್ಸು ಬದಲಾಗುತ್ತದೆ.

2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರಿನ ಒಂದು ಕಟ್ಟಡ ಸುಟ್ಟು ಹೋಯಿತು. ಬೇರೆಲ್ಲೂ ಪ್ರತಿ ಇಡದವರು ಎಲ್ಲ ಕಳೆದುಕೊಂಡರು. ಮೈಸ್ಪೇಸ್ ಎಂಬ ಜಾಲತಾಣ 12 ವರ್ಷಗಳಲ್ಲಿ ಜನ ಹಾಕಿದ್ದ ಹಾಡುಗಳನ್ನು ಕಂಪ್ಯೂಟರ್ ಬದಲಿಸುವಾಗ ಕಳೆದುಕೊಂಡಿತು. ಜಗತ್ತಿಗೆ ಆ ಸುದ್ದಿ ಗೊತ್ತಾದದ್ದು 2019ರಲ್ಲಿ. ಗೂಗಲ್ ಫೋಟೊಸ್‌ನಲ್ಲಿ ಲೆಕ್ಕವಿಲ್ಲದೆ ಉಚಿತವಾಗಿ ಇಡುವ ಅವಕಾಶ 2021ರ ಜೂನ್ 1ಕ್ಕೆ ಮುಗಿಯಿತು. ಎರಡು ವರ್ಷ ಮುಟ್ಟದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸಬಹುದು ಎಂಬ ನಿಯಮವನ್ನೂ ಗೂಗಲ್ 2023ರಲ್ಲಿ ತಂದಿದೆ. ತೀರಿಕೊಂಡ ಅಪ್ಪನ ಫೋಟೊಗಳು ಅವರ ಖಾತೆಯಲ್ಲೇ ಇದ್ದರೆ ಆ ದಿನವನ್ನು ಲೆಕ್ಕ ಹಾಕಿಕೊಳ್ಳಿ.

ಹಾಗಾಗಿ ಒಂದೇ ಕಡೆ ನೆಚ್ಚಬಾರದು. ಈ ಕೆಲಸ ಬಲ್ಲವರು 3-2-1 ಎನ್ನುತ್ತಾರೆ: ಮೂರು ಪ್ರತಿ, ಎರಡು ಬೇರೆ ಬೇರೆ ಬಗೆಯ ಸಾಧನದಲ್ಲಿ, ಒಂದು ಊರ ಹೊರಗೆ. ನಮ್ಮ ಹಿರಿಯರಿಗೆ ಇದು ಹೊಸದಲ್ಲ. ಬೀಜದ ಜೋಳವನ್ನು ಅವರು ಒಂದೇ ಹಗೇವಿನಲ್ಲಿ ಹಾಕುತ್ತಿರಲಿಲ್ಲ. ಸ್ವಲ್ಪ ಹಗೇವಿನಲ್ಲಿ, ಸ್ವಲ್ಪ ಬೂದಿ ಬೆರೆಸಿ ಗಡಿಗೆಯಲ್ಲಿ, ಸ್ವಲ್ಪ ಬೇರೆ ಊರಿನ ಬೀಗರ ಮನೆಯಲ್ಲಿ. ಹಗೇವಿಗೆ ನೀರು ನುಗ್ಗಿದರೂ ಬಿತ್ತನೆ ನಿಲ್ಲುತ್ತಿರಲಿಲ್ಲ. ನಾವೂ ಈಗ ಹಾಗೆ ಮಾಡುತ್ತೇವೆ: ಫೋನಿನಲ್ಲಿ ಒಂದು, ಕ್ಲೌಡಿನಲ್ಲಿ ಒಂದು, ತಿಂಗಳಿಗೊಮ್ಮೆ ಹಾರ್ಡ್ ಡಿಸ್ಕಿನಲ್ಲಿ ಒಂದು.

ಹುಣಸಗಿಯವರಿಗೆ ಉಳಿಯುವುದು ಎಂದರೆ ಏನೆಂದು ಬೇರೆಯವರು ಹೇಳಿಕೊಡಬೇಕಿಲ್ಲ. ಹುಣಸಗಿ–ಬೈಚಬಾಳ ಕಣಿವೆಯಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯ ದಶಕಗಳ ಕಾಲ ಹುಡುಕಾಡಿ ಆದಿಮಾನವರ ಕಲ್ಲಿನ ಆಯುಧಗಳನ್ನು ಬೆಳಕಿಗೆ ತಂದರು. ಇಸಾಂಪುರದ ನೆಲೆ ಸುಮಾರು 12 ಲಕ್ಷ ವರ್ಷ ಹಿಂದಿನದು ಎಂದು ಲೆಕ್ಕ ಹಾಕಿದ್ದಾರೆ. ಕಲ್ಲು ಬಿದ್ದಲ್ಲೇ ಬಿದ್ದಿತ್ತು, ಉಳಿಯಿತು. ನಮ್ಮ ಕಾಲದ ದಾಖಲೆ ಬಿದ್ದಲ್ಲಿ ಬಿದ್ದರೆ ಉಳಿಯುವುದಿಲ್ಲ. ಅದನ್ನು ಯಾರಾದರೂ ಎತ್ತಿಡಬೇಕು, ಎತ್ತಿಟ್ಟಿದ್ದು ಇದೆಯೇ ಎಂದು ಮತ್ತೆ ಮತ್ತೆ ನೋಡಬೇಕು.

ಇದು ಒಬ್ಬರ ಕೆಲಸ ಅಲ್ಲ

‘ಸರ್ಕಾರ ಎಲ್ಲ ಕಂಪ್ಯೂಟರಿಗೆ ಹಾಕುತ್ತಿದೆಯಲ್ಲ’ ಎಂದು ಕೇಳುವವರಿದ್ದಾರೆ. ಹಾಕುತ್ತಿದೆ, ಒಳ್ಳೆಯದು. ಭೂಮಿ ಯೋಜನೆಯಿಂದ ಪಹಣಿ ಕಂಪ್ಯೂಟರಿಗೆ ಬಂದು 20 ವರ್ಷದ ಮೇಲಾಯಿತು. ತಾಲೂಕು ಕಚೇರಿಗಳ ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಯೋಜನೆಯೂ ಬಂದಿದೆ. ಹುಣಸಗಿ ಮೊದಲು ಸುರಪುರ ತಾಲೂಕಿನಲ್ಲಿತ್ತು. ಯಾದಗಿರಿ ಜಿಲ್ಲೆ ಆಗಿದ್ದೇ 2009ರ ಕೊನೆಗೆ, ಅದಕ್ಕೂ ಮೊದಲು ಎಲ್ಲದಕ್ಕೂ ಕಲಬುರಗಿ. ಒಂದು ಹಳೆಯ ಕಾಗದಕ್ಕೆ ಮೂರು ಊರು ಅಲೆದವರಿಗೆ ಸ್ಕ್ಯಾನಿನ ಬೆಲೆ ಗೊತ್ತು.

ಆದರೆ ಸರ್ಕಾರ ತನ್ನ ಕಾಗದ ಉಳಿಸಿಕೊಳ್ಳುತ್ತದೆ. ಗ್ರಾಮಸಭೆಯಲ್ಲಿ ನಾವು ಕೇಳಿದ ಮಾತು, ಕಾಲುವೆಯ ಕೊನೆಯ ಹೊಲಕ್ಕೆ ನೀರು ಬಾರದ ದಿನದ ಫೋಟೊ, 2019ರಲ್ಲಿ ಕೃಷ್ಣೆ ಹೊಲಕ್ಕೆ ನುಗ್ಗಿದಾಗ ತೆಗೆದ ವಿಡಿಯೊ, ನಮ್ಮ ಅವ್ವಂದಿರ ಬೀಸುವ ಪದ, ಇವು ಯಾವ ಕಚೇರಿಯ ಕಪಾಟಿನಲ್ಲೂ ಇಲ್ಲ. ಇರುವುದು ಗಾಜು ಒಡೆದ ಫೋನುಗಳಲ್ಲಿ. ಅವನ್ನು ನಾವೇ ಉಳಿಸಬೇಕು.

ಕನ್ನಡದಲ್ಲಿ ಇದಕ್ಕೆ ದಾರಿ ತೋರಿಸಿದವರಿದ್ದಾರೆ. ಬೆಂಗಳೂರಿನ ಓಂಶಿವಪ್ರಕಾಶ್ ಮತ್ತು ಗೆಳೆಯರು ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ಹೆಸರಿನಲ್ಲಿ ಕನ್ನಡದ ಹಳೆಯ ಪುಸ್ತಕ, ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಇಡುತ್ತಿದ್ದಾರೆ. ಈ ಆರ್ಕೈವ್ 1996ರಲ್ಲಿ ಬ್ರೂಸ್ಟರ್ ಕೇಲ್ ಕಟ್ಟಿದ, ಲಾಭಕ್ಕಾಗಿ ನಡೆಯದ ಸಂಸ್ಥೆ. ಅದಕ್ಕೂ ‘ಐಎ’ ಎಂಬ ಕಮಾಂಡ್ ಲೈನ್ ಸಾಧನ ಇದೆ. ಫೈಲುಗಳ ಹೆಸರು, ವಿವರ ಎಲ್ಲವನ್ನೂ ಒಂದು ಪಟ್ಟಿಯಲ್ಲಿ ಬರೆದುಕೊಟ್ಟರೆ ಸಾಲಾಗಿ ಏರಿಸುತ್ತದೆ. ಸಾವಿರ ಪುಸ್ತಕಕ್ಕೆ ಸಾವಿರ ಸಲ ಬಟನ್ ಒತ್ತಬೇಕಿಲ್ಲ. ಎಲ್ಲರೂ ನೋಡಬಹುದಾದ ದಾಖಲೆಗೆ, ಹಾಡು, ಜಾತ್ರೆ, ಹಳೆಯ ಪತ್ರಿಕೆಗೆ, ಇದು ಒಳ್ಳೆಯ ಜಾಗ. ಆಧಾರ್ ಪ್ರತಿಗಳಿಗಲ್ಲ.

ನಮ್ಮ ಮೂರು ಬೇಡಿಕೆಗಳನ್ನು ಇಲ್ಲಿ ಬರೆದಿಡುತ್ತೇವೆ.

ಮೊದಲನೆಯದು ಗ್ರಾಮ ಪಂಚಾಯಿತಿಗಳಿಗೆ. ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಅಲ್ಲಿ ಒಂದು ಹಾರ್ಡ್ ಡಿಸ್ಕ್ ಇರಲಿ. ಗ್ರಾಮಸಭೆಯ ಧ್ವನಿಯನ್ನು ಅಲ್ಲಿ ಇಡಿ, ಯಾರು ಬೇಕಾದರೂ ಕೂತು ಕೇಳುವಂತಿರಲಿ. ನಡಾವಳಿ ಬರೆಯುವವರಿಗೂ ಅದು ರಕ್ಷಣೆ. ಸುಳ್ಳು ಆರೋಪ ಬಂದಾಗ ಅವರಿಗೂ ಸಾಕ್ಷಿ ಬೇಕಾಗುತ್ತದೆ.

ಎರಡನೆಯದು ಪತ್ರಿಕೋದ್ಯಮ ಕಲಿಸುವ ಕಾಲೇಜುಗಳಿಗೆ. ನಮಗೆ ಶೀರ್ಷಿಕೆ ಕೊಡುವುದು ಕಲಿಸಿದಿರಿ, ಸಂದರ್ಶನ ಕಲಿಸಿದಿರಿ. ತಂದದ್ದನ್ನು ಉಳಿಸುವುದನ್ನು ಕಲಿಸಲಿಲ್ಲ. ಎರಡು ದಿನದ ಪಾಠ ಸಾಕು. ವರದಿಗಾರನ ಹತ್ತಿರ ಮೂಲ ಫೈಲ್ ಇಲ್ಲದಿದ್ದರೆ ವರದಿ ಬರೀ ಮಾತಾಗುತ್ತದೆ.

ಮೂರನೆಯದು ಕನ್ನಡದ ತಂತ್ರಜ್ಞರಿಗೆ. ಈ ಸಾಧನಗಳು ಕೊಡುವ ಉತ್ತರವೆಲ್ಲ ಇಂಗ್ಲಿಷಿನಲ್ಲಿದೆ. ‘ಎಲ್ಲ ಹೊಂದಿವೆ’, ‘ಇಷ್ಟು ಹೋಗಿಲ್ಲ’ ಎಂದು ಕನ್ನಡದಲ್ಲಿ ಹೇಳುವಂತೆ ಒಂದು ಸಣ್ಣ ಹೊದಿಕೆ ಮಾಡಿಕೊಡಿ. ಬರೆದ ಉತ್ತರ ಓದಲು ಬಾರದಿದ್ದರೆ ಅದಕ್ಕೂ ಹಸಿರು ಗುರುತಿಗೂ ವ್ಯತ್ಯಾಸ ಇಲ್ಲ.

ಮತ್ತೆ ಅಜ್ಜಿಯ ಹತ್ತಿರ

ಅಜ್ಜಿಗೆ ನಾವು ನಿಜ ಹೇಳಿದೆವು. ಒಂಬತ್ತರಲ್ಲಿ ನಾಲ್ಕು ಉಳಿದಿವೆ, ನಿಮ್ಮ ಹೆಸರಿನ ಭಾಗ ಇಲ್ಲ, ತಪ್ಪು ನಮ್ಮದು ಎಂದೆವು. ಬೈಯುತ್ತಾರೆ ಅಂದುಕೊಂಡಿದ್ದೆವು. ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ, “ಮುಂದಿನ ಸಲಾನೂ ಬರ್ತೀರಲ್ಲ? ಬರ್ರಿ. ಆದ್ರ ಇಟ್ಟಿದ್ದು ಅದನೋ ಇಲ್ಲೋ ನೋಡಿಕೊಳ್ರಿ” ಎಂದರು.

ಈ ಲೇಖನದಲ್ಲಿ ನಾವು ಇಷ್ಟುದ್ದ ಹೇಳಿದ್ದನ್ನು ಅವರು ಒಂದೇ ಮಾತಿನಲ್ಲಿ ಹೇಳಿದ್ದರು.

ನಡಾವಳಿಯ ಪ್ರತಿ ಕೇಳಿ ಅವರ ಹೆಸರಿನಲ್ಲಿ ಅರ್ಜಿ ಬರೆದು ಕೊಟ್ಟಿದ್ದೇವೆ. ಸ್ವೀಕೃತಿ ತಗೊಂಡಿದ್ದೇವೆ. ಅವರ ಬೆರಳಚ್ಚಿರುವ ಆ ಅರ್ಜಿಯ ಫೋಟೊ ಈಗ ಮೂರು ಕಡೆ ಇದೆ. ನಮ್ಮ ನೋಟ್‌ಬುಕ್ಕಿನಲ್ಲಿ ಈಗ ನಾಲ್ಕು ಕಾಲಮ್ಮು: ದಿನ, ಮಾಡಿದ್ದು ಎಷ್ಟು, ಹೋದದ್ದು ಎಷ್ಟು, ಹೊಂದಿದ್ದು ಎಷ್ಟು. ಮೂರೂ ಅಂಕಿ ಒಂದೇ ಆಗುವ ತನಕ ಫೋನಿನಿಂದ ಏನನ್ನೂ ಅಳಿಸುವುದಿಲ್ಲ.

ಎಲ್ಲರೂ ನಾಳೆಯೇ ಕರಿ ಪರದೆ ತೆರೆದು ಕೂಡಿ ಎಂದು ನಾವು ಹೇಳುತ್ತಿಲ್ಲ. ಇವತ್ತು ರಾತ್ರಿ ಒಂದು ಕೆಲಸ ಮಾಡಿ. ನಿಮ್ಮ ಫೋನಿನ ಬ್ಯಾಕಪ್ ಸೆಟ್ಟಿಂಗ್ ತೆರೆದು ‘ವೈಫೈ ಇದ್ದಾಗ ಮಾತ್ರ’ ಎಂದಿದೆಯೇ ನೋಡಿ. ಆಮೇಲೆ ಕಳೆದ ತಿಂಗಳು ತೆಗೆದ ಯಾವುದಾದರೂ ಹತ್ತು ಫೋಟೊ ಆರಿಸಿಕೊಂಡು, ಬೇರೆ ಫೋನಿನಿಂದ ನಿಮ್ಮ ಖಾತೆ ತೆರೆದು ಎಣಿಸಿ. ಹತ್ತೂ ಇದ್ದರೆ ನೆಮ್ಮದಿಯಿಂದ ಮಲಗಿ. ಒಂಬತ್ತೇ ಇದ್ದರೆ ನಮಗೆ ಹೇಳಿ, ಕೂತು ಕಲಿಯೋಣ.